ಹುಡುಗ ಅಮೆರಿಕದಲ್ಲಿದ್ದಾನೆ ಸರಿ, ಅವನ ‘ಸ್ಟೇಟಸ್’ ಏನು? ಹೆಂಡತಿಯ ವೀಸಾ ನಿಂತಿರುವುದೇ ಅದರ ಮೇಲೆ

“ಹುಡುಗ ಅಮೆರಿಕದಲ್ಲಿದ್ದಾನೆ” ಅಂದರೆ ಮಲೆನಾಡಿನ ತಾಲ್ಲೂಕುಗಳಲ್ಲಿ ಅರ್ಧ ಮದುವೆ ಮುಗಿದ ಹಾಗೆ. ಜಾತಕ ಕೂಡಿಸ್ತಾರೆ, ಗೋತ್ರ ಕೇಳ್ತಾರೆ, ಸಂಬಳ ಎಷ್ಟು ಅಂತ ಸುತ್ತಿ ಬಳಸಿ ತಿಳಿದುಕೊಳ್ತಾರೆ. ಛತ್ರ ಬುಕ್ ಆಗುತ್ತೆ, ಚಿನ್ನದ ಅಂಗಡಿಗೆ, ಅಡುಗೆಯವರಿಗೆ ಅಡ್ವಾನ್ಸ್ ಹೋಗುತ್ತೆ. ಹುಡುಗಿ ಕೆಲಸದಲ್ಲಿದ್ದರೆ ರಾಜೀನಾಮೆ ಬರೆದೂ ಆಗಿರುತ್ತೆ. ಇಷ್ಟೆಲ್ಲ ವಿಚಾರಿಸುವವರು ಒಂದನ್ನು ಮಾತ್ರ ಕೇಳುವುದಿಲ್ಲ: ಹುಡುಗ ಅಮೆರಿಕದಲ್ಲಿ ಇರುವುದು ಯಾವ ಕಾಗದದ ಮೇಲೆ?

ಮದುವೆಯಾದ ಮೇಲೆ ಹುಡುಗಿ ಮೂರು ತಿಂಗಳಲ್ಲಿ ವಿಮಾನ ಹತ್ತುತ್ತಾಳೋ, ಒಂದೂವರೆ ವರ್ಷ ತವರಿನಲ್ಲೇ ಕೂರುತ್ತಾಳೋ ಎಂಬುದನ್ನು ನಿರ್ಧರಿಸುವುದು ಇದೇ ಪ್ರಶ್ನೆಯ ಉತ್ತರ. ಅಲ್ಲಿಗೆ ಹೋದ ಮೇಲೆ ಆಕೆ ಕೆಲಸ ಮಾಡಬಹುದೋ ಇಲ್ಲವೋ, ಗಂಡನ ಕೆಲಸ ಹೋದರೆ ಆಕೆಯ ಗತಿ ಏನು ಎಂಬುದಕ್ಕೂ ಉತ್ತರ ಅಲ್ಲೇ ಇದೆ. 2025ರಲ್ಲಿ ಅಮೆರಿಕದ ವೀಸಾ ನಿಯಮಗಳು ಒಂದರ ಮೇಲೊಂದು ಬಿಗಿಯಾದ ಮೇಲಂತೂ ನಿಶ್ಚಿತಾರ್ಥಕ್ಕೆ ಮೊದಲೇ ಇದನ್ನು ಕೇಳದಿದ್ದರೆ ಆಗುವ ನಷ್ಟ ಸಣ್ಣದಲ್ಲ.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ಬೇಗ ಸಿಗುವ ವೀಸಾ ಬೇರೆ, ಗಟ್ಟಿ ವೀಸಾ ಬೇರೆ. ಹೆಚ್ಚಿನ ಸಲ ಬೇಗ ಸಿಗುವುದು ದುರ್ಬಲವಾಗಿರುತ್ತದೆ, ಗಟ್ಟಿಯಾದದ್ದು ನಿಧಾನವಾಗಿ ಬರುತ್ತದೆ.

ನಾಲ್ಕು ತರದ ಹುಡುಗರು, ನಾಲ್ಕು ದಾರಿ

ಮೊದಲನೆಯದು, ಹುಡುಗ ಅಮೆರಿಕದ ಪ್ರಜೆ, ಅಂದರೆ ಸಿಟಿಜನ್. ಇವನ ಹೆಂಡತಿಯನ್ನು ಅಲ್ಲಿನ ಕಾನೂನು ‘ಹತ್ತಿರದ ಸಂಬಂಧಿ’ ಎಂದು ಕರೆಯುತ್ತದೆ. ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇವರಿಗಿಲ್ಲ. ಗಂಡ ಮೊದಲು ಐ-130 ಎಂಬ ಅರ್ಜಿಯನ್ನು ಅಲ್ಲಿನ ವಲಸೆ ಇಲಾಖೆ ಯುಎಸ್‌ಸಿಐಎಸ್‌ಗೆ ಹಾಕಬೇಕು. ಅದು ಒಪ್ಪಿಗೆಯಾದ ಮೇಲೆ ಕಡತ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ, ಆಮೇಲೆ ಮುಂಬೈನಲ್ಲಿ ಸಂದರ್ಶನ. ಎಲ್ಲ ಸೇರಿ ಒಂದು ವರ್ಷ ದಾಟುವುದು ಮಾಮೂಲು, ಎರಡು ವರ್ಷದ ಹತ್ತಿರ ಹೋಗುವುದೂ ಉಂಟು. ಆದರೆ ಹುಡುಗಿ ಅಲ್ಲಿ ಇಳಿಯುವಾಗಲೇ ಗ್ರೀನ್ ಕಾರ್ಡ್‌ದಾರಳು. ಮರುದಿನವೇ ಕೆಲಸಕ್ಕೆ ಸೇರಬಹುದು. ಆ ದೇಶಕ್ಕೆ ಕಾಲಿಡುವ ಹೊತ್ತಿಗೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಆರ್-1 ಎಂಬ ವೀಸಾದ ಮೇಲೆ ಎರಡು ವರ್ಷದ ಷರತ್ತಿನ ಕಾರ್ಡ್ ಸಿಗುತ್ತದೆ. ತುಂಬಿದ್ದರೆ ಐಆರ್-1, ಅಂದರೆ ಹತ್ತು ವರ್ಷದ ಕಾರ್ಡ್.

ಎರಡನೆಯದು, ಹುಡುಗನಿಗೆ ಗ್ರೀನ್ ಕಾರ್ಡ್ ಇದೆ, ಆದರೆ ಪ್ರಜೆಯಲ್ಲ. ಅರ್ಜಿ ಅದೇ ಐ-130. ಆದರೆ ಇದು ಎಫ್2ಎ ಎಂಬ ಸರದಿಗೆ ಹೋಗಿ ನಿಲ್ಲುತ್ತದೆ, ಇಲ್ಲಿ ವಾರ್ಷಿಕ ಮಿತಿ ಇದೆ. ಪ್ರತಿ ತಿಂಗಳು ಹೊರಡುವ ವೀಸಾ ಬುಲೆಟಿನ್ ನೋಡಿಯೇ ಸರದಿ ಎಲ್ಲಿಗೆ ಬಂತು ಎಂದು ತಿಳಿಯಬೇಕು. 2025ರ ಅಕ್ಟೋಬರ್ ಬುಲೆಟಿನ್‌ನಲ್ಲಿ ಭಾರತೀಯರಿಗೆ ಇದ್ದ ದಿನಾಂಕ 2024ರ ಫೆಬ್ರವರಿ 1. ಅಂದರೆ ಅದಕ್ಕೂ ಮೊದಲು ಅರ್ಜಿ ಹಾಕಿದವರಿಗೆ ಮಾತ್ರ ವೀಸಾ ಲಭ್ಯ. ಈ ದಿನಾಂಕ ಮುಂದೆ ಹೋಗಬಹುದು, ನಿಲ್ಲಬಹುದು, ಹಿಂದಕ್ಕೂ ಸರಿಯಬಹುದು.

ಮೂರನೆಯದು, ಹುಡುಗ ಎಚ್-1ಬಿ ಮೇಲೆ ಇದ್ದಾನೆ. ಸಾಫ್ಟ್‌ವೇರ್ ಕೆಲಸದ ಬಹುಪಾಲು ಹುಡುಗರು ಇದೇ ಗುಂಪು. ಇವರ ಹೆಂಡತಿಗೆ ಎಚ್-4. ಇದಕ್ಕೆ ಗಂಡ ಬೇರೆ ಪಿಟಿಷನ್ ಹಾಕಬೇಕಿಲ್ಲ. ಡಿಎಸ್-160 ಫಾರ್ಮ್ ತುಂಬಿ, 205 ಡಾಲರ್ ಶುಲ್ಕ ಕಟ್ಟಿ, ಸಂದರ್ಶನದ ದಿನ ಹಿಡಿದರೆ ಆಯಿತು. ಎಲ್ಲ ದಾರಿಗಳಲ್ಲಿ ಬೇಗ ಮುಗಿಯುವುದು ಇದೇ. ಆದರೆ ಎಚ್-4ನಲ್ಲಿ ಹೋದವರಿಗೆ ತಾನಾಗಿ ಕೆಲಸದ ಹಕ್ಕು ಇಲ್ಲ. 2015ರ ಮೇ ತಿಂಗಳಿಂದ ಕೆಲವರಿಗೆ ಮಾತ್ರ ಕೆಲಸದ ಪರವಾನಗಿ ಸಿಗುತ್ತಿದೆ. ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆಯ ಐ-140 ಒಪ್ಪಿಗೆಯಾಗಿರಬೇಕು, ಇಲ್ಲವೇ ಆ ಪ್ರಕ್ರಿಯೆಯ ಕಾರಣದಿಂದಲೇ ಆತನ ಎಚ್-1ಬಿ ಆರು ವರ್ಷ ಮೀರಿ ಮುಂದುವರಿದಿರಬೇಕು.

ನಾಲ್ಕನೆಯದು, ಹುಡುಗ ಇನ್ನೂ ವಿದ್ಯಾರ್ಥಿ. ಎಫ್-1 ವೀಸಾದಲ್ಲಿ ಓದುತ್ತಿದ್ದಾನೆ, ಅಥವಾ ಓದು ಮುಗಿಸಿ ಅದೇ ವೀಸಾದ ಮೇಲೆ ತಾತ್ಕಾಲಿಕ ಕೆಲಸದಲ್ಲಿದ್ದಾನೆ. ಹೆಂಡತಿಗೆ ಸಿಗುವುದು ಎಫ್-2. ಇದರಲ್ಲಿ ಕೆಲಸ ಮಾಡುವಂತಿಲ್ಲ. ಗಂಡನಿಗೇ ಮುಂದೆ ಎಚ್-1ಬಿ ಲಾಟರಿಯಲ್ಲಿ ಹೆಸರು ಬರಬೇಕು. ಅದರಲ್ಲಿ ವರ್ಷಕ್ಕೆ 65,000, ಅಮೆರಿಕದಲ್ಲಿ ಮಾಸ್ಟರ್ಸ್ ಓದಿದವರಿಗೆ ಇನ್ನೂ 20,000 ಮಾತ್ರ. 2025ರ ಸೆಪ್ಟೆಂಬರ್ 21ರಿಂದ ಹೊರದೇಶದಿಂದ ಕರೆಸಿಕೊಳ್ಳುವ ಹೊಸ ಎಚ್-1ಬಿ ಅರ್ಜಿಗಳಿಗೆ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕೆಂಬ ಆದೇಶವೂ ಬಂದಿದೆ. ಈ ಶುಲ್ಕ ಎಚ್-4ಗೆ ಅಲ್ಲ. ಆದರೆ ಊರಿಗೆ ವಾಪಸ್ ಬಂದು ಮತ್ತೆ ಹೊಸದಾಗಿ ಹೋಗುವ ಯೋಚನೆಯಲ್ಲಿರುವ ಹುಡುಗರ ಲೆಕ್ಕಾಚಾರವನ್ನು ಅದು ತಲೆಕೆಳಗು ಮಾಡಿದೆ.

ವಿಚಿತ್ರ ಇರುವುದು ಇಲ್ಲೇ. ‘ಸಿಟಿಜನ್ ಹುಡುಗ’ ಅಂತ ಹೆಮ್ಮೆಯಿಂದ ಮದುವೆ ಮಾಡಿದ ಮನೆಯ ಮಗಳು ವರ್ಷಗಟ್ಟಲೆ ಕಾಯುತ್ತಾಳೆ. ಪಕ್ಕದ ಬೀದಿಯ ಎಚ್-1ಬಿ ಹುಡುಗನ ಹೆಂಡತಿ ಕೆಲವೇ ತಿಂಗಳಲ್ಲಿ ಹೊರಡುತ್ತಾಳೆ. ಊರಲ್ಲಿ ಮಾತು ಶುರುವಾಗುತ್ತೆ: “ಇನ್ನೂ ಕರೆಸಿಕೊಂಡಿಲ್ವಂತೆ, ಏನೋ ಇದೆ.” ಬಹಳ ಸಲ ಏನೂ ಇರುವುದಿಲ್ಲ. ಆ ದಾರಿ ಇರುವುದೇ ಅಷ್ಟು ಉದ್ದ.

ಮದುವೆಯ ತಾರೀಖು ಎಲ್ಲವನ್ನೂ ಬದಲಿಸುವ ಜಾಗ

ಎಚ್-1ಬಿ ಹುಡುಗರ ವಿಷಯದಲ್ಲಿ ತಿಳಿಯದೆ ಆಗುವ ದೊಡ್ಡ ಎಡವಟ್ಟು ಒಂದಿದೆ.

ಕಂಪನಿ ಮೂಲಕ ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವ ಭಾರತೀಯರ ಸಾಲು ಬಹಳ ಉದ್ದ. 2025ರ ಕೊನೆಯಲ್ಲೂ ಇಬಿ-2, ಇಬಿ-3 ವಿಭಾಗಗಳಲ್ಲಿ ಸರದಿ ಬಂದದ್ದು 2013ರ ಆಸುಪಾಸಿನ ಅರ್ಜಿಗಳಿಗೆ. ಹತ್ತಾರು ವರ್ಷ ಕಾದ ಹುಡುಗನಿಗೆ ಕೊನೆಗೆ ಕಾರ್ಡ್ ಬರುತ್ತದೆ. ಆ ಕಾರ್ಡ್ ಕೈಗೆ ಬರುವ ಮೊದಲು ಮದುವೆಯಾಗಿದ್ದರೆ ಹೆಂಡತಿ ಅದೇ ಅರ್ಜಿಯ ಭಾಗ. ಗಂಡನ ಸರದಿಯ ದಿನಾಂಕವೇ ಆಕೆಗೂ ಅನ್ವಯ. ಊರಲ್ಲೇ ಇದ್ದರೂ ಆಮೇಲೆ ಬಂದು ಸೇರಿಕೊಳ್ಳುವ ಅವಕಾಶ ಇದೆ. ಕಾರ್ಡ್ ಬಂದ ಮೇಲೆ ಮದುವೆಯಾದರೆ ಈ ಹಕ್ಕು ಇಲ್ಲ. ಹೊಸದಾಗಿ ಐ-130 ಹಾಕಿ ಎಫ್2ಎ ಸಾಲಿನ ಕೊನೆಗೆ ನಿಲ್ಲಬೇಕು. ಅತ್ತ ಗಂಡನ ಎಚ್-1ಬಿ ಮುಗಿದಿರುವುದರಿಂದ ಎಚ್-4 ದಾರಿಯೂ ಮುಚ್ಚಿಹೋಗಿರುತ್ತದೆ.

ಒಂದು ವಾರದ ವ್ಯತ್ಯಾಸಕ್ಕೆ ಎರಡು ಮೂರು ವರ್ಷದ ಅಗಲಿಕೆ ಬರಬಹುದು. “ಕಾರ್ಡ್ ಬರಲಿ, ಆಮೇಲೆ ನಿಶ್ಚಿಂತೆಯಿಂದ ಮದುವೆ ಮಾಡೋಣ” ಅನ್ನುವ ಹಿರಿಯರ ಮಾತು ಕೇಳಲು ಸರಿ ಅನ್ನಿಸುತ್ತೆ, ಆದರೆ ಇಲ್ಲಿ ಅದೇ ಉಲ್ಟಾ ಹೊಡೆಯುತ್ತೆ. ಹುಡುಗನ ಕಾರ್ಡ್ ಹತ್ತಿರದಲ್ಲಿದ್ದರೆ ಮುಹೂರ್ತ ಇಡುವ ಮೊದಲು ಆತ ತನ್ನ ವಕೀಲರನ್ನು ಒಮ್ಮೆ ಕೇಳಲೇಬೇಕು.

ಈಗಾಗಲೇ ಎಫ್2ಎ ಸಾಲಿನಲ್ಲಿ ಇರುವವರಿಗೆ ಒಂದು ದಾರಿ ಇದೆ. ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಬಂದ ಐದು ವರ್ಷಕ್ಕೆ ಪೌರತ್ವ ಪಡೆಯಬಹುದು, ಅರ್ಜಿಯನ್ನು 90 ದಿನ ಮೊದಲೇ ಹಾಕಬಹುದು. ಗಂಡ ಪ್ರಜೆಯಾದ ದಿನ ಹೆಂಡತಿಯ ಅರ್ಜಿ ಎಫ್2ಎ ಸಾಲಿನಿಂದ ಹೊರಬಂದು ‘ಹತ್ತಿರದ ಸಂಬಂಧಿ’ ವಿಭಾಗಕ್ಕೆ ಸೇರುತ್ತದೆ. ಹೊಸ ಅರ್ಜಿ ಬೇಡ. ಪೌರತ್ವದ ಪ್ರಮಾಣಪತ್ರದ ಪ್ರತಿಯನ್ನು ಕಡತ ಎಲ್ಲಿದೆಯೋ ಅಲ್ಲಿಗೆ ಕಳಿಸಿ ತಿಳಿಸಿದರೆ ಸಾಕು. ಗ್ರೀನ್ ಕಾರ್ಡ್ ಬಂದು ನಾಲ್ಕು ವರ್ಷವಾದ ಗಂಡನ ಮಟ್ಟಿಗೆ ಹೆಂಡತಿಯ ವೀಸಾ ಬೇಗ ಮಾಡಿಸುವ ಉಪಾಯ ಅಂದರೆ ಪೌರತ್ವದ ಅರ್ಜಿಯನ್ನು ಒಂದು ದಿನವೂ ತಡಮಾಡದೆ ಹಾಕುವುದು.

ಕೆ-1: ಬೇಗ ಅನ್ನುವ ಭ್ರಮೆ

ಪ್ರಜೆಯಾದ ಹುಡುಗನಿಗೆ ಇನ್ನೊಂದು ಆಯ್ಕೆ ಇದೆ, ಕೆ-1. ಇದು ಹೆಂಡತಿಗಲ್ಲ, ಮದುವೆ ನಿಶ್ಚಯವಾದ ಹುಡುಗಿಗೆ ಕೊಡುವ ವೀಸಾ. ಹುಡುಗಿ ಅಮೆರಿಕಕ್ಕೆ ಹೋಗಿ 90 ದಿನದೊಳಗೆ ಅದೇ ಹುಡುಗನನ್ನು ಮದುವೆಯಾಗಬೇಕು. ಅದಕ್ಕೂ ಮೊದಲು, ಅರ್ಜಿ ಹಾಕುವುದರ ಹಿಂದಿನ ಎರಡು ವರ್ಷದಲ್ಲಿ ಇಬ್ಬರೂ ಮುಖಾಮುಖಿ ಭೇಟಿಯಾಗಿರಬೇಕು. ಗ್ರೀನ್ ಕಾರ್ಡ್ ಇರುವವರಿಗೆ, ಎಚ್-1ಬಿಯವರಿಗೆ ಈ ದಾರಿ ಇಲ್ಲ.

“ಕೆ-1 ಬೇಗ ಆಗುತ್ತೆ” ಅನ್ನುವ ಮಾತು ಹಳೆಯದು. ಕೆಲವು ತಿಂಗಳು ಮೊದಲು ಹೋಗಬಹುದು ನಿಜ. ಆದರೆ ಖರ್ಚು ನೋಡಿ. 2024ರ ಏಪ್ರಿಲ್‌ನಿಂದ ಜಾರಿಯಾದ ದರದಲ್ಲಿ ಐ-129ಎಫ್ ಅರ್ಜಿಗೆ 675 ಡಾಲರ್, ವೀಸಾಕ್ಕೆ 265, ಅಲ್ಲಿ ಮದುವೆಯಾದ ಮೇಲೆ ಗ್ರೀನ್ ಕಾರ್ಡ್ ಅರ್ಜಿಗೆ 1,440. ಒಟ್ಟು 2,380 ಡಾಲರ್. ಮದುವೆಯಾಗಿ ಸಿಆರ್-1 ದಾರಿ ಹಿಡಿದರೆ ಆನ್‌ಲೈನ್ ಐ-130ಗೆ 625, ವೀಸಾ ಅರ್ಜಿಗೆ 325, ಆರ್ಥಿಕ ಜವಾಬ್ದಾರಿ ಪತ್ರದ ಪರಿಶೀಲನೆಗೆ 120, ಕಾರ್ಡ್‌ಗೆ 235. ಒಟ್ಟು 1,305 ಡಾಲರ್. ಮೆಡಿಕಲ್, ಓಡಾಟದ ಖರ್ಚು ಎರಡಕ್ಕೂ ಬೇರೆ. ಕೆ-1ರಲ್ಲಿ ಹೋದ ಹುಡುಗಿ ಮದುವೆಯಾದ ಮೇಲೂ ಕೆಲಸದ ಪರವಾನಗಿಗೆ ಬೇರೆ ಕಾಯಬೇಕು. ಅದಕ್ಕೆ ಮೊದಲು ಅನುಮತಿ ಇಲ್ಲದೆ ಊರಿಗೆ ಬಂದರೆ ಗ್ರೀನ್ ಕಾರ್ಡ್ ಅರ್ಜಿಯೇ ಬಿದ್ದುಹೋಗುತ್ತದೆ. ತವರಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೂ ಹೊರಡುವಂತಿಲ್ಲ.

ನಮ್ಮ ಕಡೆಯ ಪದ್ಧತಿಗೆ ಇದರಲ್ಲಿ ಇನ್ನೊಂದು ತೊಡಕು. ನಿಶ್ಚಿತಾರ್ಥವನ್ನೇ ಅರ್ಧ ಮದುವೆಯ ಹಾಗೆ ಮಾಡುವವರು ಕಮ್ಮಿ ಇಲ್ಲ. ಹಾರ ಬದಲಾಯಿಸಿದ, ಪುರೋಹಿತರು ಕೂತ, ಇನ್ನೂರು ಜನ ಉಂಡ ಫೋಟೋಗಳನ್ನು ನೋಡಿದ ಅಧಿಕಾರಿಗೆ ಇವರ ಮದುವೆ ಆಗಿಯೇ ಹೋಗಿದೆ ಅನ್ನಿಸಿದರೆ ಕೆ-1 ಸಿಗುವುದಿಲ್ಲ. ಮತ್ತೆ ಮೊದಲಿನಿಂದ ಐ-130. ಊರಲ್ಲೇ ಮದುವೆ ಮಾಡುವ ಮನಸ್ಸಿದ್ದರೆ ಕೆ-1ರ ಗೋಜಿಗೆ ಹೋಗದಿರುವುದೇ ಲೇಸು.

ಕೆ-3 ಅಂತ ಇನ್ನೊಂದಿದೆ. ಮದುವೆಯಾದವರು ಬೇಗ ಸೇರಲಿ ಅಂತಲೇ 2000ದಲ್ಲಿ ಮಾಡಿದ ಕಾನೂನು ಅದು. ಐ-130 ಒಪ್ಪಿಗೆಯಾದರೆ ಕೆ-3 ಕಡತ ತಾನಾಗಿ ಮುಚ್ಚಿಹೋಗುವುದರಿಂದ ಈಗ ಹೆಸರಿಗೆ ಮಾತ್ರ ಉಳಿದಿದೆ. “ಕೆ-3 ಹಾಕಿಸ್ತೀವಿ” ಅಂತ ಹಣ ಕೇಳುವವರಿದ್ದರೆ ಅಲ್ಲೇ ನಿಲ್ಲಿಸಿ.

‘ಮೊದಲು ರಿಜಿಸ್ಟರ್, ಆಮೇಲೆ ಶಾಸ್ತ್ರ’: ಸುಪ್ರೀಂ ಕೋರ್ಟ್ ಏನು ಹೇಳಿದೆ?

ವೀಸಾ ಬೇಗ ಶುರುವಾಗಲಿ ಅಂತ ಬಹಳ ಮನೆಗಳಲ್ಲಿ ಮಾಡುವ ಕೆಲಸ ಒಂದಿದೆ. ನಿಶ್ಚಿತಾರ್ಥದ ವಾರವೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ನೋಂದಣಿ ಮಾಡಿಸಿ ಸರ್ಟಿಫಿಕೇಟ್ ತಗೊಂಡು ಅರ್ಜಿ ಹಾಕುವುದು, ಛತ್ರದ ಮದುವೆ ಆರು ತಿಂಗಳ ನಂತರ.

2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ಸ್ಪಷ್ಟ ತೀರ್ಪು ಕೊಟ್ಟಿದೆ. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠದ ಮಾತಿನ ಸಾರ ಇಷ್ಟು: ಹಿಂದೂ ವಿವಾಹ ಕಾಯ್ದೆಯಡಿ ಮದುವೆ ಆಗುವುದು ಶಾಸ್ತ್ರದಿಂದ, ನೋಂದಣಿಯಿಂದಲ್ಲ. ಶಾಸ್ತ್ರವೇ ನಡೆಯದೆ ಪಡೆದ ಸರ್ಟಿಫಿಕೇಟ್ ಗಂಡ ಹೆಂಡತಿ ಎಂಬ ಸಂಬಂಧವನ್ನು ಹುಟ್ಟಿಸುವುದಿಲ್ಲ. ವೀಸಾ ಅವಸರಕ್ಕೆ ಹೀಗೆ ಮಾಡುವ ಅಭ್ಯಾಸವನ್ನು ಆ ತೀರ್ಪು ಹೆಸರಿಸಿಯೇ ಎಚ್ಚರಿಸಿದೆ.

ಅರ್ಥ ಏನು? ಕಾಗದದ ಮೇಲೆ ಮಾತ್ರ ಮದುವೆ ತೋರಿಸಿ ಅರ್ಜಿ ಹಾಕಿದರೆ, ಮುಂದೆ ಸಂದರ್ಶನದಲ್ಲಿ “ಮದುವೆ ಯಾವತ್ತು ಆಯಿತು?” ಅಂತ ಕೇಳಿದಾಗ ಸರ್ಟಿಫಿಕೇಟ್‌ನಲ್ಲಿ ಒಂದು ದಿನ, ಆಲ್ಬಮ್‌ನಲ್ಲಿ ಇನ್ನೊಂದು ದಿನ ಬರುತ್ತದೆ. ಸಂಬಂಧ ಮುರಿದರೆ ಹುಡುಗಿ ಮದುವೆಯಾದವಳೋ ಅಲ್ಲವೋ ಎಂಬುದಕ್ಕೇ ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ.

ಅವಸರ ಇದ್ದರೆ ಸರಿಯಾದ ದಾರಿ ಎರಡು. ಒಂದು, ಮನೆಯಲ್ಲೋ ದೇವಸ್ಥಾನದಲ್ಲೋ ಹತ್ತಿರದವರ ಎದುರು ನಿಜವಾಗಿಯೂ ಶಾಸ್ತ್ರೋಕ್ತವಾಗಿ ಮದುವೆ ಮುಗಿಸಿ, ಆ ದಿನದ ಫೋಟೋ ಇಟ್ಟುಕೊಂಡು, ಅದೇ ತಾರೀಖಿಗೆ ನೋಂದಣಿ ಮಾಡಿಸುವುದು. ಆಮೇಲೆ ಎಷ್ಟು ದೊಡ್ಡ ಆರತಕ್ಷತೆ ಬೇಕಾದರೂ ಮಾಡಿಕೊಳ್ಳಬಹುದು. ಎರಡು, 1954ರ ವಿಶೇಷ ವಿವಾಹ ಕಾಯ್ದೆ. ಇಲ್ಲಿ ಅಧಿಕಾರಿಯ ಎದುರಿನ ಸಹಿಯೇ ಮದುವೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ನೋಟಿಸ್ ಕೊಟ್ಟ ಮೇಲೆ 30 ದಿನ ಕಾಯಬೇಕು. ಮೂರು ವಾರದ ರಜೆಗೆ ಬರುವ ಹುಡುಗನಿಗೆ ಇದು ಒಂದೇ ಭೇಟಿಯಲ್ಲಿ ಮುಗಿಯುವುದಿಲ್ಲ, ಮೊದಲೇ ಯೋಜನೆ ಬೇಕು.

ವಿಡಿಯೋ ಕಾಲ್‌ನಲ್ಲಿ ಮದುವೆ ಮಾಡಿಸಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಅಮೆರಿಕದ ಯೂಟಾ ಕೌಂಟಿಯಲ್ಲಿದೆ. ಅದೂ ವಲಸೆ ಅರ್ಜಿಗೆ ಸುಮ್ಮನೆ ನಡೆಯದು. ವಧು ವರ ಒಟ್ಟಿಗೆ ಇರದೆ ಆದ ಮದುವೆಯನ್ನು, ಆಮೇಲೆ ಇಬ್ಬರೂ ಜೊತೆಯಾಗಿ ಸಂಸಾರ ಮಾಡಿದ್ದರೆ ಮಾತ್ರ ಅಲ್ಲಿನ ವಲಸೆ ಕಾನೂನು ಒಪ್ಪುತ್ತದೆ.

‘ಪ್ರೀಮಿಯಂ ಹಾಕಿಸ್ತೀವಿ’ ಅನ್ನುವವರ ಮಾತು

ಎಚ್-1ಬಿ ಅರ್ಜಿಗೆ ಹೆಚ್ಚು ಹಣ ಕಟ್ಟಿ ಬೇಗ ತೀರ್ಮಾನ ಪಡೆಯುವ ‘ಪ್ರೀಮಿಯಂ’ ಸೌಲಭ್ಯ ಇದೆ. ಇದನ್ನು ಕೇಳಿದವರು ಹೆಂಡತಿಯ ವೀಸಾಕ್ಕೂ ಅದೇ ಇರಬೇಕು ಅಂದುಕೊಳ್ಳುತ್ತಾರೆ. ಇಲ್ಲ. ಐ-130ಗೆ ಪ್ರೀಮಿಯಂ ಇಲ್ಲ, ಕೆ-1ಗೂ ಇಲ್ಲ. ಎಷ್ಟು ಲಕ್ಷ ಕೊಟ್ಟರೂ ಕಡತ ಹಾರಿ ಮುಂದೆ ಹೋಗುವುದಿಲ್ಲ. ಕೊಟ್ಟ ಹಣ ಹೋಗುತ್ತದೆ, ಅಷ್ಟೇ.

ತುರ್ತು ಪರಿಗಣನೆ ಕೇಳುವ ಅವಕಾಶ ಮಾತ್ರ ಇದೆ, ಅದಕ್ಕೆ ಪ್ರತ್ಯೇಕ ಶುಲ್ಕ ಇಲ್ಲ. ಆದರೆ ಕಾರಣ ಗಟ್ಟಿ ಇರಬೇಕು: ತೀವ್ರ ಆರ್ಥಿಕ ನಷ್ಟ, ಗಂಭೀರ ಕಾಯಿಲೆಯಂಥ ಮಾನವೀಯ ತುರ್ತು, ಸರ್ಕಾರದ ಹಿತಾಸಕ್ತಿ, ಇಲಾಖೆಯದೇ ತಪ್ಪು. ದಾಖಲೆ ಇಲ್ಲದೆ ಕೇಳಿದರೆ ಪ್ರಯೋಜನವಿಲ್ಲ. “ಹೊಸದಾಗಿ ಮದುವೆಯಾಗಿದೆ, ಬೇರೆ ಇರೋದು ಕಷ್ಟ” ಎಂಬುದು ನಿಜವೇ ಆದರೂ ಸಾಲಿನಲ್ಲಿ ನಿಂತ ಎಲ್ಲರ ಕಷ್ಟವೂ ಅದೇ ಆಗಿರುವುದರಿಂದ ಅದನ್ನು ಕಾರಣವೆಂದು ಒಪ್ಪುವುದಿಲ್ಲ.

ಗಂಡ ತಾನಿರುವ ಪ್ರದೇಶದ ಸಂಸತ್ ಸದಸ್ಯರ ಕಚೇರಿಗೆ ಬರೆದು ಕಡತದ ಬಗ್ಗೆ ವಿಚಾರಿಸಬಹುದು. ಉಚಿತ. ಎಲ್ಲೋ ಸಿಕ್ಕಿಹಾಕಿಕೊಂಡ ಕಡತ ಇದರಿಂದ ಅಲುಗಾಡಬಹುದು, ಆದರೆ ಸಾಲು ಹಾರುವುದಿಲ್ಲ. ತೀರಾ ಅತಿಯಾದ ವಿಳಂಬವಾದರೆ ಅಲ್ಲಿನ ಫೆಡರಲ್ ಕೋರ್ಟ್‌ನಲ್ಲಿ ತೀರ್ಮಾನ ಕೊಡಿ ಎಂದು ಕೇಳುವ ದಾವೆಯೂ ಇದೆ. ವಕೀಲರ ಖರ್ಚು ದೊಡ್ಡದು, ಅದು ಕೊನೆಯ ಅಸ್ತ್ರ.

ಎಲ್ಲಕ್ಕಿಂತ ಅಪಾಯದ ಸಲಹೆ ಅಂದರೆ “ಟೂರಿಸ್ಟ್ ವೀಸಾದಲ್ಲಿ ಕಳಿಸಿ, ಅಲ್ಲೇ ಗ್ರೀನ್ ಕಾರ್ಡ್ ಮಾಡಿಸಿ” ಎನ್ನುವುದು. ಮನಸ್ಸಿನಲ್ಲಿ ಅಲ್ಲೇ ಉಳಿಯುವ ಉದ್ದೇಶ ಇಟ್ಟುಕೊಂಡು, ಬಾಯಲ್ಲಿ “ನೋಡಿಕೊಂಡು ಬರ್ತೀನಿ” ಅಂದದ್ದು ಸಾಬೀತಾದರೆ ಅದು ಸುಳ್ಳು ಹೇಳಿಕೆ. ಅದಕ್ಕೆ ಶಿಕ್ಷೆ ಜೀವನಪರ್ಯಂತ ಪ್ರವೇಶ ನಿಷೇಧ. ಮನ್ನಾ ಕೇಳಬಹುದಾದರೂ ಸಿಗುವುದು ಸುಲಭವಲ್ಲ. ಒಂದು ವರ್ಷ ಉಳಿಸಲು ಹೋಗಿ ಇಡೀ ಬದುಕನ್ನು ಪಣಕ್ಕಿಟ್ಟ ಹಾಗೆ.

ನಿಜವಾಗಿ ಸಮಯ ಉಳಿಯುವುದು ತಾಲ್ಲೂಕು ಮಟ್ಟದಲ್ಲಿ

ಅಮೆರಿಕದ ಸಾಲನ್ನು ಚಿಕ್ಕದು ಮಾಡಲು ಯಾರಿಂದಲೂ ಆಗದು. ಆದರೆ ಕಾಗದ ಸರಿ ಇಲ್ಲದೆ ಕಳೆದುಹೋಗುವ ತಿಂಗಳುಗಳನ್ನು ಉಳಿಸಬಹುದು. ಆ ಕೆಲಸ ಇರುವುದು ಇಲ್ಲೇ, ನಮ್ಮ ಕಚೇರಿಗಳಲ್ಲಿ.

ಹೆಸರಿನ ಗೊಂದಲ ಮೊದಲನೆಯದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಶಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು, ಆಧಾರ್‌ನಲ್ಲಿ ಇನ್ನೊಂದು ಸ್ಪೆಲ್ಲಿಂಗ್. ಅಮೆರಿಕದ ಫಾರ್ಮ್ ಕೇಳುವುದು ಮನೆತನದ ಹೆಸರು ಬೇರೆ, ಕರೆಯುವ ಹೆಸರು ಬೇರೆ. ಪಾಸ್‌ಪೋರ್ಟ್‌ನಲ್ಲಿ ಇರುವುದನ್ನೇ ಮೂಲವೆಂದು ಹಿಡಿದು ಮದುವೆ ಸರ್ಟಿಫಿಕೇಟ್‌ನಲ್ಲಿ ಅಕ್ಷರಕ್ಕೆ ಅಕ್ಷರ ಅದೇ ಬರುವಂತೆ ನೋಡಿಕೊಳ್ಳಬೇಕು. ಮದುವೆಯಾದ ಕೂಡಲೇ ಹೆಸರು ಬದಲಿಸಲೇಬೇಕೆಂಬ ನಿಯಮ ಇಲ್ಲ. ಸುಮ್ಮನೆ ಬದಲಿಸಿ ಹೊಸ ಗೊಂದಲ ತಂದುಕೊಳ್ಳಬೇಡಿ.

ಜನನ ಪ್ರಮಾಣಪತ್ರ ಎರಡನೆಯದು. ಹಳ್ಳಿಯಲ್ಲಿ ಹುಟ್ಟಿದವರ ಹಳೆಯ ದಾಖಲೆಯಲ್ಲಿ “ಹೆಣ್ಣು ಮಗು” ಎಂದಷ್ಟೇ ಇದ್ದು ಹೆಸರೇ ಇರುವುದಿಲ್ಲ. ಕೆಲವರದು ನೋಂದಣಿಯೇ ಆಗಿರುವುದಿಲ್ಲ. ಹೆಸರು ಸೇರಿಸಲು, ತಪ್ಪು ತಿದ್ದಲು ವಾರಗಟ್ಟಲೆ ಓಡಾಟ ಬೇಕು. ದಾಖಲೆ ಇಲ್ಲವೇ ಇಲ್ಲ ಎಂದಾದರೆ ‘ದಾಖಲೆ ಲಭ್ಯವಿಲ್ಲ’ ಎಂಬ ಅಧಿಕೃತ ಪತ್ರ ಪಡೆದು ಜೊತೆಗೆ ಶಾಲಾ ದಾಖಲೆ, ತಂದೆ ತಾಯಿಯ ಅಫಿಡವಿಟ್ ಇಡಬೇಕು. ಐ-130 ಒಪ್ಪಿಗೆಗೆ ಕಾಯುವ ತಿಂಗಳುಗಳಲ್ಲಿ ಇದನ್ನೆಲ್ಲ ಮುಗಿಸಿದರೆ ಮುಂದೆ ಒಂದು ದಿನವೂ ನಿಲ್ಲಬೇಕಿಲ್ಲ. ಕನ್ನಡದಲ್ಲಿ ಮಾತ್ರ ಇರುವ ದಾಖಲೆಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕು.

ಪೊಲೀಸ್ ಕ್ಲಿಯರೆನ್ಸ್ ಮೂರನೆಯದು. ಇದು ಊರ ಠಾಣೆಯ ಚೀಟಿ ಅಲ್ಲ, ಪಾಸ್‌ಪೋರ್ಟ್ ಕಚೇರಿ ಕೊಡುವ ಪತ್ರ. ಹಳೆಯ ವಿಳಾಸ ಬದಲಾಗಿದ್ದರೆ ಪರಿಶೀಲನೆ ತಡವಾಗುತ್ತದೆ.

ಹಣಕಾಸಿನ ಜವಾಬ್ದಾರಿ ಪತ್ರ ನಾಲ್ಕನೆಯದು, ಅದು ಗಂಡನ ಕೆಲಸ. ಅಲ್ಲಿನ ಬಡತನ ರೇಖೆಯ ಶೇ. 125ರಷ್ಟು ಆದಾಯ ತೋರಿಸಬೇಕು. 2025ರ ಲೆಕ್ಕದಲ್ಲಿ ಇಬ್ಬರ ಕುಟುಂಬಕ್ಕೆ ವರ್ಷಕ್ಕೆ ಸುಮಾರು 26,400 ಡಾಲರ್. ಕಮ್ಮಿ ಬಿದ್ದರೆ ಅಲ್ಲಿ ನೆಲೆಸಿರುವ ಇನ್ನೊಬ್ಬ ಪ್ರಜೆ ಅಥವಾ ಗ್ರೀನ್ ಕಾರ್ಡ್‌ದಾರರು ಜೊತೆ ಜವಾಬ್ದಾರಿ ಹೊರಬಹುದು. ತೆರಿಗೆ ರಿಟರ್ನ್ ಸರಿಯಾಗಿ ಸಲ್ಲಿಸದ ಹುಡುಗರ ಕಡತ ಇಲ್ಲೇ ಸಿಕ್ಕಿಬೀಳುತ್ತದೆ.

ಇಬ್ಬರಲ್ಲಿ ಯಾರಿಗಾದರೂ ಮೊದಲ ಮದುವೆ ಆಗಿ ಮುರಿದಿದ್ದರೆ ಡಿಕ್ರಿಯ ದೃಢೀಕೃತ ಪ್ರತಿ ಕಡ್ಡಾಯ. “ಅದನ್ನ ಹೇಳೋದು ಬೇಡ” ಅನ್ನುವ ಜಾಣತನ ಮಾಡಿದರೆ ವೀಸಾವೇ ಹೋಗುತ್ತದೆ.

ಫಾರ್ಮ್ ತುಂಬಿಸಿಕೊಡುವ ಸೈಬರ್ ಅಂಗಡಿಯವರಿಗೂ ಒಂದು ಮಾತು. ಡಿಎಸ್-260, ಡಿಎಸ್-160 ಫಾರ್ಮ್‌ಗಳಲ್ಲಿನ ಪ್ರತಿ ಉತ್ತರವೂ ಅರ್ಜಿದಾರರ ಹೇಳಿಕೆ. ಗೊತ್ತಿಲ್ಲದ ಕಡೆ ಅಂದಾಜಿನ ಮೇಲೆ ‘ಇಲ್ಲ’ ಒತ್ತಬೇಡಿ. ಅರ್ಜಿದಾರರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತುಂಬಿ, ಒಂದು ಪ್ರಿಂಟ್ ಕೊಟ್ಟು ಓದಿಸಿ.

ಬೆಂಗಳೂರಿನಲ್ಲಿ ಕಾನ್ಸುಲೇಟ್, ಸಂದರ್ಶನ ಮಾತ್ರ ದೂರ

2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ “ಇನ್ನು ಚೆನ್ನೈಗೆ ಹೋಗೋದು ತಪ್ಪಿತು” ಅಂತ ಬಹಳ ಜನ ಖುಷಿಪಟ್ಟರು. ಆದರೆ ಉದ್ಘಾಟನೆಯ ಜೊತೆಗೆ ವೀಸಾ ಸೇವೆ ಬರಲಿಲ್ಲ. ವಲಸೆ ವೀಸಾದ ಮುಖ್ಯ ಕೇಂದ್ರ ಮುಂಬೈ. ಎಚ್-4ಗೆ ಚೆನ್ನೈ, ಹೈದರಾಬಾದ್, ಮುಂಬೈ, ದೆಹಲಿ, ಕೋಲ್ಕತ್ತ. ಮೆಡಿಕಲ್ ಪರೀಕ್ಷೆಯನ್ನು ಕಾನ್ಸುಲೇಟ್ ಒಪ್ಪಿದ ವೈದ್ಯರಲ್ಲೇ ಮಾಡಿಸಬೇಕು, ಊರಿನ ಡಾಕ್ಟರ ಪತ್ರ ನಡೆಯುವುದಿಲ್ಲ.

ಎಚ್-4 ಬೇಗ ಅನ್ನುವ ಮಾತಿಗೂ 2025ರಲ್ಲಿ ಪೆಟ್ಟು ಬಿತ್ತು. ಸೆಪ್ಟೆಂಬರ್ 2ರಿಂದ ಸಂದರ್ಶನ ವಿನಾಯಿತಿ ಬಹುತೇಕ ನಿಂತಿತು. ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣ ಖಾತೆಗಳ ಪರಿಶೀಲನೆ ಶುರುವಾಗಿ, ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕೆಂಬ ಸೂಚನೆ ಬಂತು. ಭಾರತದಲ್ಲಿ ಆ ತಿಂಗಳ ಎಷ್ಟೋ ಸಂದರ್ಶನಗಳು 2026ರ ಮಾರ್ಚ್ ಮತ್ತು ಅದರಾಚೆಗೆ ಮುಂದೂಡಲ್ಪಟ್ಟವು. ರಜೆಗೆ ಬಂದು ಮದುವೆಯಾಗಿ, ವೀಸಾ ಸ್ಟಾಂಪ್ ಮಾಡಿಸಿಕೊಂಡು ಜೋಡಿಯಾಗಿ ವಾಪಸ್ ಹೋಗುವ ಲೆಕ್ಕ ಹಾಕಿದ್ದ ಗಂಡಂದಿರೂ ಇಲ್ಲೇ ಸಿಕ್ಕಿಕೊಂಡರು. ಆದ್ದರಿಂದ ಸಂದರ್ಶನದ ದಿನ ಕೈಗೆ ಬರುವ ಮೊದಲು ಟಿಕೆಟ್ ಮಾಡಿಸುವುದಾಗಲಿ, ಕೆಲಸ ಬಿಡುವುದಾಗಲಿ ಬೇಡ.

2026ರ ಜನವರಿಯಲ್ಲಿ ಅಮೆರಿಕ 75 ದೇಶಗಳ ವಲಸೆ ವೀಸಾ ತಡೆಹಿಡಿದ ಸುದ್ದಿ ವಾಟ್ಸಾಪ್‌ನಲ್ಲಿ ಭಾರತಕ್ಕೂ ಅಂತಲೇ ಓಡಾಡಿತು. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ.

ಹೋದ ಮೇಲೆ ಹುಡುಗಿಯ ಕೈಯಲ್ಲಿ ಏನಿರುತ್ತೆ?

ವೀಸಾ ಆಯ್ಕೆ ಅಂದರೆ ತಿಂಗಳ ಲೆಕ್ಕ ಒಂದೇ ಅಲ್ಲ. ಎಚ್-4ನಲ್ಲಿ ಹೋದವಳ ಇರುವಿಕೆ ಪೂರ್ತಿ ಗಂಡನ ಕೆಲಸಕ್ಕೆ ಕಟ್ಟಿಕೊಂಡಿದೆ. ಗಂಡನ ಕೆಲಸ ಹೋದರೆ ಹೆಚ್ಚೆಂದರೆ 60 ದಿನದ ಅವಧಿ, ಇಬ್ಬರಿಗೂ. ಕೆಲಸದ ಪರವಾನಗಿ ಇದ್ದರೂ ಅದರ ನವೀಕರಣಕ್ಕೆ ಇದ್ದ ತಾನಾಗಿ ಮುಂದುವರಿಯುವ ಸೌಲಭ್ಯ 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಅರ್ಜಿಗಳಿಗೆ ಇಲ್ಲ. ಇಲ್ಲಿ ಬ್ಯಾಂಕ್, ಶಾಲೆ, ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಹುಡುಗಿ ಅಲ್ಲಿ ವರ್ಷಗಟ್ಟಲೆ ಮನೆಯಲ್ಲೇ ಕೂರಬೇಕಾಗಬಹುದು. ಇದನ್ನು ತಿಳಿದು ಒಪ್ಪಿದರೆ ಸರಿ, ಹೋದ ಮೇಲೆ ತಿಳಿದರೆ ಸಂಕಟ.

ಷರತ್ತಿನ ಗ್ರೀನ್ ಕಾರ್ಡ್ ಇದ್ದವಳು ಎರಡು ವರ್ಷ ಮುಗಿಯುವ ಮೊದಲಿನ 90 ದಿನದಲ್ಲಿ ಐ-751 ಅರ್ಜಿಯನ್ನು ಗಂಡನ ಜೊತೆ ಸೇರಿ ಹಾಕಬೇಕು. ಸಂಬಂಧ ಮುರಿದು ವಿಚ್ಛೇದನವಾದರೆ, ಅಥವಾ ಗಂಡ ಹಿಂಸೆ ಕೊಟ್ಟರೆ, ಆಕೆ ಒಬ್ಬಳೇ ಹಾಕಲೂ ಅವಕಾಶ ಇದೆ. “ನಾನು ಸಹಿ ಹಾಕದಿದ್ದರೆ ನೀನು ವಾಪಸ್” ಎಂದು ಹೆದರಿಸುವ ಗಂಡನ ಮಾತು ಪೂರ್ತಿ ನಿಜವಲ್ಲ ಎಂಬುದು ಪ್ರತಿ ಹುಡುಗಿಗೂ ಗೊತ್ತಿರಬೇಕು. ಮದುವೆಯಾಗಿ ಬಿಟ್ಟುಹೋದ, ಕರೆಸಿಕೊಳ್ಳದ ಅನಿವಾಸಿ ಗಂಡಂದಿರ ವಿರುದ್ಧ ದೂರು ಕೊಡಲು ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಎನ್‌ಆರ್‌ಐ ಘಟಕವೇ ಇದೆ.

ನಿಶ್ಚಿತಾರ್ಥಕ್ಕೆ ಮೊದಲು ಕೇಳಬೇಕಾದ್ದು

ಹುಡುಗನ ಮನೆಯವರನ್ನು ಕಾಗದ ಕೇಳುವುದು ಅವಮಾನ ಅಂತ ಹೆಣ್ಣಿನ ಕಡೆಯವರು ಹಿಂಜರಿಯುತ್ತಾರೆ. ಸೈಟು ತಗೊಳ್ಳುವಾಗ ಖಾತೆ, ಪಹಣಿ ಕೇಳಲು ಯಾರೂ ನಾಚುವುದಿಲ್ಲ. ಮಗಳ ವಿಷಯದಲ್ಲಿ ಯಾಕೆ ನಾಚಿಕೆ? ಪ್ರಜೆಯಾದರೆ ಅಮೆರಿಕದ ಪಾಸ್‌ಪೋರ್ಟ್, ಕಾರ್ಡ್ ಇದ್ದರೆ ಅದರ ಎರಡೂ ಬದಿ, ಎಚ್-1ಬಿ ಆದರೆ ಐ-797 ಒಪ್ಪಿಗೆ ಪತ್ರ ಮತ್ತು ಅದರ ಕೊನೆ ದಿನಾಂಕ, ಐ-140 ಆಗಿದೆಯೇ, ಆಗಿದ್ದರೆ ಸರದಿ ದಿನಾಂಕ ಯಾವುದು, ಮೊದಲು ಮದುವೆ ಆಗಿತ್ತೇ. ಐದು ನಿಮಿಷದ ಮಾತು. ಸರಿಯಾದ ಹುಡುಗ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ತಾನೇ ಮುಂದಾಗಿ ತೋರಿಸುತ್ತಾನೆ.

ಉತ್ತರ ಸಿಕ್ಕ ಮೇಲೆ ಮುಹೂರ್ತ, ಆಮೇಲೆ ಛತ್ರ, ಆಮೇಲೆ ರಾಜೀನಾಮೆ. ಈ ಕ್ರಮ ತಪ್ಪದಿದ್ದರೆ ಕಾಯುವ ಕಾಲ ಎಷ್ಟೇ ಇರಲಿ, ಎಷ್ಟು ದಿನ, ಯಾಕೆ ಎಂಬುದು ಹುಡುಗಿಗೂ ಗೊತ್ತಿರುತ್ತದೆ, ಮನೆಯವರಿಗೂ ಗೊತ್ತಿರುತ್ತದೆ.